ಲ್ಯಾಪ್‌ಟಾಪ್‌ನಲ್ಲಿ ಹಳೆಯ ಅನಲಾಗ್ ಸಿಂಥ್ ಸಿಗುತ್ತಾ?

ಪ್ರಶ್ನೆ: ನಾನು ದಾವಣಗೆರೆಯ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. 70–80ರ ದಶಕದ ಹಾಡುಗಳಲ್ಲಿ ಬರುವ ಆ ದಪ್ಪನೆಯ ಸಿಂಥ್ ಲೀಡ್, ಅಂದರೆ ಮುಂದೆ ನಿಂತು ಹಾಡುವಂಥ ದನಿ, ನನ್ನ ಕೀಬೋರ್ಡ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಮಿನಿಮೋಗ್‌ನಂಥ ಹಳೆಯ ಅನಲಾಗ್ ಸಿಂಥ್‌ಗಳು (ಎಲೆಕ್ಟ್ರಾನಿಕ್ ಸರ್ಕ್ಯೂಟ್‌ನಿಂದಲೇ ದನಿ ಹುಟ್ಟಿಸುವ ಸಿಂಥಸೈಜರ್‌ಗಳು) ಈಗ ಸಾಫ್ಟ್‌ವೇರ್ ರೂಪದಲ್ಲಿ ಬರುತ್ತವಂತೆ. ಕೆಲವರು ‘ಎರಡೂ ಒಂದೇ ಥರ ಕೇಳುತ್ತೆ’ ಅನ್ನುತ್ತಾರೆ. ಕೆಲವರು ‘ಅದೆಲ್ಲ ಡೂಪ್ಲಿಕೇಟು, ಜೀವ ಇರಲ್ಲ’ ಅನ್ನುತ್ತಾರೆ. ಯಾರ ಮಾತು ನಿಜ? ನನ್ನ ಹತ್ತಿರ 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇದೆ. ಪುಕ್ಕಟೆ ಸಿಗುವುದು ಸಾಕಾ, ದುಡ್ಡು ಕೊಟ್ಟೇ ತಗೋಬೇಕಾ? ಇದರಲ್ಲಿ ಗಮಕ ನುಡಿಸೋಕೆ ಆಗುತ್ತಾ?

ಉತ್ತರ: ಇಬ್ಬರ ಮಾತಿನಲ್ಲೂ ನಿಜ ಇದೆ. ಅವರು ಕಿವಿಯಿಟ್ಟು ಕೇಳಿದ ಜಾಗ ಬೇರೆ ಬೇರೆ, ಅಷ್ಟೇ. ಮಧ್ಯ ಸ್ಥಾಯಿಯಲ್ಲಿ ಒಂದೇ ಸ್ವರ ಒತ್ತಿ ಹಿಡಿದು, ಫಿಲ್ಟರ್ (ದನಿಯ ಚುರುಕನ್ನು ತಗ್ಗಿಸುವ ಭಾಗ) ಪೂರ್ತಿ ತೆರೆದಿಟ್ಟು ಕೇಳಿ. ಹತ್ತು ವರ್ಷ ಹಳೆಯ ಪುಕ್ಕಟೆ ಪ್ಲಗಿನ್ (ಸಾಫ್ಟ್‌ವೇರ್ ಸಿಂಥ್) ಯಾವುದು, ನಿಜವಾದ ಮಿನಿಮೋಗ್ ಯಾವುದು ಅಂತ ಹೇಳುವುದು ನನಗೂ ಕಷ್ಟ. ಅದೇ ಫಿಲ್ಟರಿನ ನಾಬ್ ತಿರುಗಿಸುತ್ತಾ, ಮೇಲಿನ ಸ್ಥಾಯಿಗೆ ಏರುತ್ತಾ, ಸ್ವರಗಳನ್ನು ಜಾರಿಸುತ್ತಾ ನುಡಿಸಿ. ಎರಡು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಇಷ್ಟು ವರ್ಷ ಈ ಪ್ಲಗಿನ್‌ಗಳ ಜೊತೆ ಕೂತು ನನಗೆ ಮನವರಿಕೆಯಾದದ್ದು ಒಂದೇ. ಹಳೆಯ ಯಂತ್ರದ ಒಳ್ಳೆಯ ಗುಣಗಳನ್ನು ಸಾಫ್ಟ್‌ವೇರಿಗೆ ತರುವುದು ಸುಲಭ. ಅದರ ದೋಷಗಳನ್ನು ತರುವುದೇ ಕಷ್ಟ. ನೀವು ‘ದಪ್ಪ’ ಅನ್ನುತ್ತೀರಲ್ಲ, ಅದು ಇರುವುದು ಆ ದೋಷಗಳಲ್ಲೇ. ಹಾಗಾಗಿ ಯಾವ ಪ್ಲಗಿನ್ ಚೆನ್ನಾಗಿದೆ ಅನ್ನುವುದಕ್ಕೆ ಮೊದಲು, ಮೂಲ ಯಂತ್ರ ಎಲ್ಲೆಲ್ಲಿ ಎಡವುತ್ತಿತ್ತು ಅಂತ ನೋಡೋಣ. ಉದಾಹರಣೆಗೆ ಮಿನಿಮೋಗನ್ನೇ ಇಟ್ಟುಕೊಳ್ಳುತ್ತೇನೆ. ನೀವು ಕೇಳಿದ್ದೂ ಅದನ್ನೇ, ನನಗೆ ಚೆನ್ನಾಗಿ ಗೊತ್ತಿರುವುದೂ ಅದೇ.

ಮೊದಲು ಹೆಸರು. ನಮ್ಮಲ್ಲಿ ಬಹಳ ಜನ ‘ಮೂಗ್’ ಅನ್ನುತ್ತಾರೆ. ಇದನ್ನು ಮಾಡಿದ ಅಮೆರಿಕದ ಎಂಜಿನಿಯರ್ ರಾಬರ್ಟ್ ಮೋಗ್ ತಮ್ಮ ಮನೆತನದ ಹೆಸರನ್ನು ‘ಮೋಗ್’ ಅಂತಲೇ ಹೇಳುತ್ತಿದ್ದರು. ಅವರ ಮೊದಲ ಸಿಂಥ್‌ಗಳು ಬೀರುವಿನ ಗಾತ್ರದವು. ಒಂದೊಂದು ಭಾಗವನ್ನೂ ವೈರ್ ಚುಚ್ಚಿ ಜೋಡಿಸಬೇಕಿತ್ತು. ಅಂಥದ್ದೊಂದು 1969ರಲ್ಲೇ ನಮ್ಮ ದೇಶಕ್ಕೆ, ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ ಬಂದಿತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಅದನ್ನು ಅಲ್ಲಿ ಸಿದ್ಧ ಮಾಡಿಕೊಟ್ಟಿದ್ದರು. ಮರುವರ್ಷ, 1970ರಲ್ಲಿ ಬಂದದ್ದು ಮಿನಿಮೋಗ್ ಮಾಡೆಲ್ ಡಿ. ಕಂಕುಳಲ್ಲಿ ಹಿಡಿದುಕೊಂಡು ಸ್ಟೇಜಿಗೆ ಹೋಗಬಹುದಾದ ಸಿಂಥ್. 44 ಕೀಲಿ, ಮೂರು ಆಸಿಲೇಟರ್, ಒಂದು ಫಿಲ್ಟರ್. ಒಂದು ಸಲಕ್ಕೆ ಒಂದೇ ಸ್ವರ. 1981ರವರೆಗೆ ಸುಮಾರು 12,000 ಮಾಡಿದರು.

ಈಗ ಒಳಗೆ ನೋಡೋಣ. ಆಸಿಲೇಟರ್ ಅಂದರೆ ಸ್ವರ ಹುಟ್ಟಿಸುವ ಭಾಗ. ಅದರ ಗರಗಸದ ಆಕಾರದ ಅಲೆಯಲ್ಲಿ ಮೂಲ ಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನದ ಉಪಸ್ವರಗಳೆಲ್ಲ ಇರುತ್ತವೆ. ಅದಕ್ಕೇ ಅದು ಅಷ್ಟು ಚುರುಕಾಗಿ, ತುಸು ಒರಟಾಗಿ ಕೇಳುತ್ತದೆ. ಫಿಲ್ಟರ್ ಅದನ್ನು ಜರಡಿ ಹಿಡಿಯುತ್ತದೆ. ಮಿನಿಮೋಗ್‌ನ ಫಿಲ್ಟರಿಗೆ ‘ಲ್ಯಾಡರ್’, ಅಂದರೆ ಏಣಿ ಅಂತ ಹೆಸರು. ಸರ್ಕ್ಯೂಟ್ ಬರೆದರೆ ಜೋಡಿ ಜೋಡಿ ಟ್ರಾನ್ಸಿಸ್ಟರ್‌ಗಳು ಒಂದರ ಮೇಲೊಂದು ನಿಂತು, ನಡುವೆ ಕೆಪಾಸಿಟರ್‌ಗಳು ಮೆಟ್ಟಿಲಿನ ಹಾಗೆ ಕೂತಿರುತ್ತವೆ. ಅಂಥ ನಾಲ್ಕು ಮೆಟ್ಟಿಲು. ಒಂದೊಂದೂ ಪ್ರತಿ ಸ್ಥಾಯಿಗೆ 6 ಡೆಸಿಬೆಲ್ ತಗ್ಗಿಸುತ್ತದೆ, ಒಟ್ಟು 24. ಫಿಲ್ಟರ್ ತಗ್ಗಿಸಲು ಶುರು ಮಾಡುವ ಜಾಗಕ್ಕೆ ಕಟ್‌ಆಫ್ ಅನ್ನುತ್ತಾರೆ. ಅದರಿಂದ ಸಾಕಷ್ಟು ಮೇಲೆ ಹೋದ ನಂತರ, ಒಂದೊಂದು ಸ್ಥಾಯಿ ಏರಿದಾಗಲೂ ಶಬ್ದದ ಅಲೆ ಸುಮಾರು ಹದಿನಾರನೇ ಒಂದು ಭಾಗ ಮಾತ್ರ ಉಳಿಯುತ್ತದೆ ಅಂತ ಲೆಕ್ಕ.

ಎಡವಟ್ಟು ಶುರುವಾಗುವುದು ಇಲ್ಲೇ. ಆ ಟ್ರಾನ್ಸಿಸ್ಟರ್ ಜೋಡಿಗಳು ಕೆಲವು ಮಿಲಿವೋಲ್ಟ್‌ಗಳವರೆಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಅದಕ್ಕಿಂತ ಜಾಸ್ತಿ ಶಬ್ದ ಒಳಗೆ ನುಗ್ಗಿದರೆ ಅಲೆಯ ತುದಿ ಮೆಲ್ಲಗೆ ಬಾಗುತ್ತದೆ. ಒಂದೇ ಏಟಿಗೆ ಕತ್ತರಿಸಿ ಹೋಗುವುದಿಲ್ಲ, ದುಂಡಗಾಗುತ್ತದೆ. ಮಿನಿಮೋಗ್‌ನ ಮಿಕ್ಸರ್ ಫಿಲ್ಟರಿಗೆ ಕೊಡುವುದೇ ಜಾಸ್ತಿ. ಮೂರೂ ಆಸಿಲೇಟರ್‌ಗಳ ನಾಬ್ ಮೇಲಕ್ಕೆ ಏರಿಸಿದರೆ ನಾಲ್ಕು ಮೆಟ್ಟಿಲಿನಲ್ಲೂ ಈ ಬಾಗುವಿಕೆ ನಡೆಯುತ್ತದೆ. ಹೊಸ ಉಪಸ್ವರಗಳು ಹುಟ್ಟುತ್ತವೆ. ಲೆಕ್ಕದ ಪ್ರಕಾರ ಇದು ವಿರೂಪ. ಕಿವಿಗೆ ಇದೇ ‘ದಪ್ಪ’.

ನಿಮ್ಮ ಮೊದಲ ಪರೀಕ್ಷೆ ಇದೇ ಆಗಲಿ. ಪ್ಲಗಿನ್‌ನಲ್ಲಿ ಮೂರೂ ಆಸಿಲೇಟರ್‌ಗಳನ್ನು ಮಿಕ್ಸರ್‌ನಲ್ಲಿ 10ಕ್ಕೆ ಇಟ್ಟು ಒಂದು ಮಂದ್ರ ಸ್ವರ ನುಡಿಸಿ. ಆಮೇಲೆ ಮೂರನ್ನೂ 3ಕ್ಕೆ ಇಳಿಸಿ, ಸ್ಪೀಕರ್ ವಾಲ್ಯೂಮ್ ಏರಿಸಿ ಸರಿದೂಗಿಸಿ, ಅದೇ ಸ್ವರ ನುಡಿಸಿ. ಎರಡರಲ್ಲೂ ಒಂದೇ ದನಿ ಬಂತಾ? ಹಾಗಿದ್ದರೆ ಆ ಪ್ಲಗಿನ್ ಮಾಡಿದವರು ಫಿಲ್ಟರಿನ ಚಿತ್ರ ಬರೆದಿದ್ದಾರೆ, ಫಿಲ್ಟರ್ ಮಾಡಿಲ್ಲ. ಒಳ್ಳೆಯದರಲ್ಲಿ 10ಕ್ಕೆ ಇಟ್ಟಾಗ ದನಿ ಒತ್ತಾಗಿ, ತುಸು ಕೆಮ್ಮಿದ ಹಾಗೆ ಇರುತ್ತದೆ. 3ಕ್ಕೆ ಇಳಿಸಿದಾಗ ಶುಚಿಯಾಗಿ, ಗಾಜಿನ ಹಾಗೆ ಕೇಳುತ್ತದೆ.

ಇನ್ನೊಂದು ಗುರುತು ‘ಎಂಫಸಿಸ್’ ಅನ್ನುವ ನಾಬ್. ಬೇರೆ ಸಿಂಥ್‌ಗಳಲ್ಲಿ ಇದಕ್ಕೆ ರೆಸೊನೆನ್ಸ್ ಅನ್ನುತ್ತಾರೆ. ಫಿಲ್ಟರಿನಿಂದ ಹೊರಗೆ ಬಂದದ್ದನ್ನು ತಿರುಗಿಸಿ ಅದರ ಬಾಯಿಗೇ ಕೊಡುವ ಏರ್ಪಾಡು ಇದು. ಏರಿಸುತ್ತಾ ಹೋದರೆ ಕಟ್‌ಆಫ್ ಇರುವಲ್ಲಿ ಒಂದು ಸಿಳ್ಳೆ ಏಳುತ್ತದೆ. ಏಣಿ ಫಿಲ್ಟರಿನಲ್ಲಿ ಸಿಳ್ಳೆ ಎದ್ದಷ್ಟೂ ಕೆಳಗಿನ ಬೇಸ್ ಕರಗುತ್ತದೆ. ಸಿಳ್ಳೆ ತಾನಾಗಿಯೇ ಹಾಡುವ ಹಂತಕ್ಕೆ ಬರುವಾಗ ಬೇಸ್ ಐದರಲ್ಲಿ ಒಂದು ಭಾಗಕ್ಕೆ ಇಳಿದಿರುತ್ತದೆ. ಪ್ಲಗಿನ್‌ನಲ್ಲಿ ಎಂಫಸಿಸ್ ಏರಿಸಿದರೂ ಬೇಸ್ ಗಟ್ಟಿಯಾಗಿ ಹಾಗೇ ನಿಂತಿದ್ದರೆ ಅದು ಬೇರೆ ಯಾವುದೋ ಫಿಲ್ಟರ್. ಚೆನ್ನಾಗಿಯೇ ಇರಬಹುದು, ಆದರೆ ಮಿನಿಮೋಗ್ ಅಲ್ಲ.

ಹೊರಬಂದದ್ದನ್ನು ಒಳಗೆ ಕೊಡುವ ಈ ಕೆಲಸವೇ ಕಂಪ್ಯೂಟರಿಗೆ ತಲೆನೋವು. ಟ್ರಾನ್ಸಿಸ್ಟರಿನಲ್ಲಿ ಅದು ಆ ಕ್ಷಣಕ್ಕೇ ನಡೆಯುತ್ತದೆ. ಕಂಪ್ಯೂಟರ್ ಮಾತ್ರ ಶಬ್ದವನ್ನು ಸೆಕೆಂಡಿಗೆ 44,100 ತುಣುಕು ಮಾಡಿ ಒಂದೊಂದಾಗಿ ಲೆಕ್ಕ ಹಾಕುತ್ತದೆ. ಈ ತುಣುಕಿನ ಉತ್ತರ ಸಿಗಬೇಕಾದರೆ ಇದೇ ತುಣುಕಿನ ಉತ್ತರ ಮೊದಲೇ ಗೊತ್ತಿರಬೇಕು. ಅದು ಹೇಗೆ ಸಾಧ್ಯ? ಅದಕ್ಕೆ ಹಿಂದಿನವರು ಹಿಂದಿನ ತುಣುಕಿನ ಉತ್ತರವನ್ನು ಎರವಲು ತಗೊಂಡರು. ತಡ ಆಗುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ 23 ಭಾಗ. ಇಷ್ಟರಿಂದ ಏನಾದೀತು ಅನ್ನಿಸುತ್ತೆ, ಅಲ್ವಾ? 100 ಹರ್ಟ್ಝ್‌ನ (ಸೆಕೆಂಡಿಗೆ 100 ಕಂಪನದ) ಬೇಸ್ ಸ್ವರದ ಒಂದು ಸುತ್ತು ಅದೇ ಅಳತೆಯಲ್ಲಿ 10,000 ಭಾಗ. ಅಲ್ಲಿ 23 ಲೆಕ್ಕಕ್ಕೇ ಇಲ್ಲ. ಕಟ್‌ಆಫ್ 10,000 ಹರ್ಟ್ಝ್‌ಗೆ ಏರಿಸಿದಿರಿ ಅಂದುಕೊಳ್ಳಿ. ಅಲ್ಲಿ ಒಂದು ಸುತ್ತೇ 100 ಭಾಗ. ಅದರಲ್ಲಿ 23 ಅಂದರೆ ಹತ್ತಿರ ಹತ್ತಿರ ಕಾಲು ಸುತ್ತು. ಸಿಳ್ಳೆಯ ಶ್ರುತಿ ತಪ್ಪುತ್ತದೆ, ಏರಿಳಿತವೂ ತಪ್ಪುತ್ತದೆ. ಹಳೆಯ ಪ್ಲಗಿನ್‌ಗಳು ಮೇಲಿನ ಸ್ಥಾಯಿಯಲ್ಲಿ ‘ಪ್ಲಾಸ್ಟಿಕ್’ ಥರ ಕೇಳುತ್ತಿದ್ದುದಕ್ಕೆ ಇದೂ ಒಂದು ಮುಖ್ಯ ಕಾರಣ.

ಇದನ್ನು ಬಿಡಿಸಲು ಹಲವರು ತಲೆ ಕೆಡಿಸಿಕೊಂಡಿದ್ದಾರೆ. ಫಿನ್ಲೆಂಡಿನ ಆಂಟಿ ಹುವೊವಿಲೈನೆನ್ 2004ರಲ್ಲಿ ಒಂದು ದಾರಿ ತೋರಿಸಿದರು. ಟ್ರಾನ್ಸಿಸ್ಟರ್ ಬಾಗಿಸುವ ಕೆಲಸವನ್ನು ಫಿಲ್ಟರಿನ ಒಂದೇ ಕಡೆ ಹಾಕದೆ ನಾಲ್ಕು ಮೆಟ್ಟಿಲಿನಲ್ಲೂ ಹಾಕಿದರು. ಆಮೇಲೆ ಬಂದವರು ಎರವಲನ್ನೇ ಬಿಟ್ಟರು. ಪ್ರತಿ ತುಣುಕಿಗೂ ಸಮೀಕರಣ ಬರೆದು, ಉತ್ತರ ಊಹಿಸಿ, ತಿದ್ದಿ, ಮತ್ತೆ ಊಹಿಸಿ, ಸರಿಯಾಗುವವರೆಗೂ ಬಿಡಿಸುವ ವಿಧಾನ ಹಿಡಿದರು. ಬರ್ಲಿನ್‌ನ ಯು-ಹೀ ಕಂಪನಿ 2011ರಲ್ಲಿ ತಂದ ‘ಡೀವಾ’ ಇದರಿಂದಲೇ ಹೆಸರು ಮಾಡಿತು. ಅದರಲ್ಲಿ ಲೆಕ್ಕ ಎಷ್ಟು ನಿಖರವಾಗಿರಬೇಕು ಅಂತ ಆರಿಸಲು ನಾಲ್ಕು ಹಂತ ಇವೆ. ಕೆಳಗಿನದು ‘ಡ್ರಾಫ್ಟ್’, ಮೇಲಿನದು ‘ಡಿವೈನ್’. ಡಿವೈನ್‌ನಲ್ಲಿ ನಾಲ್ಕೈದು ಸ್ವರ ಒಟ್ಟಿಗೆ ಹಿಡಿದರೆ ಸಾಧಾರಣ ಲ್ಯಾಪ್‌ಟಾಪ್‌ನ ಫ್ಯಾನ್ ಜೋರಾಗಿ ತಿರುಗತೊಡಗುತ್ತದೆ. ಅಷ್ಟು ಲೆಕ್ಕ ಅಲ್ಲಿ ನಡೆಯುತ್ತಿರುತ್ತದೆ.

ಎರಡನೇ ತೊಂದರೆ ಅನಲಾಗ್‌ನಲ್ಲಿ ಇಲ್ಲವೇ ಇಲ್ಲ, ಕಂಪ್ಯೂಟರಿನದೇ. ಇದಕ್ಕೆ ಅಲಿಯಾಸಿಂಗ್ ಅನ್ನುತ್ತಾರೆ. ಸೆಕೆಂಡಿಗೆ 44,100 ತುಣುಕಿನಲ್ಲಿ 22,050 ಹರ್ಟ್ಝ್‌ವರೆಗಿನ ಶಬ್ದವನ್ನು ಮಾತ್ರ ಹಿಡಿದಿಡಬಹುದು. ಅದಕ್ಕಿಂತ ಮೇಲಿನದನ್ನು ತುರುಕಿದರೆ ಅದು ಮಾಯವಾಗುವುದಿಲ್ಲ. ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸ್ ಬಂದು ಕೆಳಗೆ ಬೀಳುತ್ತದೆ. 4,000 ಹರ್ಟ್ಝ್‌ನ ಗರಗಸದ ಅಲೆ ನುಡಿಸಿದಿರಿ ಅಂತಿಟ್ಟುಕೊಳ್ಳಿ. ಅದರ ಹತ್ತನೇ ಉಪಸ್ವರ 40,000. ಅದು 44,100ರಿಂದ ಕಳೆದು 4,100 ಆಗಿ ಬೀಳುತ್ತದೆ. ನಿಮ್ಮ ಸ್ವರದ ಪಕ್ಕದಲ್ಲೇ, ಯಾವ ರಾಗಕ್ಕೂ ಸೇರದ ಜಾಗದಲ್ಲಿ. ಹನ್ನೊಂದನೇದು 44,000. ಅದು 100 ಹರ್ಟ್ಝ್‌ನ ಗುಯ್‌ಗುಡುವಿಕೆಯಾಗಿ ಬರುತ್ತದೆ.

ಇದನ್ನು ಹಿಡಿಯುವುದು ಬಹಳ ಸುಲಭ. ಕೀಬೋರ್ಡ್‌ನ ಬಲತುದಿಯ ಸ್ವರ ಒತ್ತಿ, ಫಿಲ್ಟರ್ ತೆರೆದಿಡಿ, ಪಿಚ್ ಬೆಂಡ್ ಚಕ್ರವನ್ನು ನಿಧಾನವಾಗಿ ಮೇಲಕ್ಕೆ ತಳ್ಳಿ. ಸ್ವರ ಮೇಲಕ್ಕೆ ಹೋಗಬೇಕು. ಅದರ ಹಿಂದೆ ಏನಾದರೂ ಸಣ್ಣದಾಗಿ ಕೆಳಕ್ಕೆ ಇಳಿಯುತ್ತಿದೆಯಾ ಅಂತ ಕಿವಿಗೊಡಿ. ಇಳಿಯುತ್ತಿದ್ದರೆ ಅದೇ ಅಲಿಯಾಸಿಂಗ್. ಹೆಡ್‌ಫೋನ್ ಹಾಕಿಕೊಂಡು ಮಾಡಿ, ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಗೊತ್ತಾಗಲ್ಲ. ಈಗಿನ ಒಳ್ಳೆಯ ಪ್ಲಗಿನ್‌ಗಳು ಗರಗಸದ ಚೂಪನ್ನು ಲೆಕ್ಕದಲ್ಲಿ ಮೊದಲೇ ಸವರಿಬಿಡುತ್ತವೆ. ಇಲ್ಲವೇ ಒಳಗೊಳಗೆ ನಾಲ್ಕೋ ಎಂಟೋ ಪಟ್ಟು ವೇಗದಲ್ಲಿ ಲೆಕ್ಕ ಮಾಡಿ ಕೊನೆಗೆ ಇಳಿಸಿಕೊಡುತ್ತವೆ. ಇದಕ್ಕೆ ಓವರ್‌ಸ್ಯಾಂಪ್ಲಿಂಗ್ ಅನ್ನುತ್ತಾರೆ. ಪ್ಲಗಿನ್‌ನಲ್ಲಿ ಆ ಹೆಸರಿನ ಬಟನ್ ಕಂಡರೆ ಮನೆಯಲ್ಲಿ ರೆಕಾರ್ಡ್ ಮಾಡುವಾಗ ಹಾಕಿಕೊಳ್ಳಿ, ಸ್ಟೇಜಿನಲ್ಲಿ ತೆಗೆಯಿರಿ.

ಈಗ ಶ್ರುತಿಯ ವಿಷಯ. ಇದು ನಮ್ಮ ಕಿವಿಗೆ ಹತ್ತಿರದ್ದು. ಮಿನಿಮೋಗ್‌ನಲ್ಲಿ ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತದೆ. ಆ ವೋಲ್ಟನ್ನು ಸ್ವರವಾಗಿ ಬದಲಿಸುವುದು ಒಂದು ಜೊತೆ ಟ್ರಾನ್ಸಿಸ್ಟರ್. ಟ್ರಾನ್ಸಿಸ್ಟರಿಗೆ ಬಿಸಿ ತಟ್ಟಿದರೆ ಅದರ ಲೆಕ್ಕ ಡಿಗ್ರಿಗೆ ಶೇ 0.33ರಷ್ಟು ಜಾರುತ್ತದೆ. ಸರಿಪಡಿಸುವ ಏರ್ಪಾಡು ಇಲ್ಲದ ಸರ್ಕ್ಯೂಟ್ ಆದರೆ ಮೂರು ಸ್ಥಾಯಿ ಆಚೆಯ ಸ್ವರ ಪ್ರತಿ ಡಿಗ್ರಿಗೆ 12 ಸೆಂಟ್ ಅಲ್ಲಾಡುತ್ತದೆ. ಒಂದು ಅರೆಸ್ವರ ಅಂದರೆ 100 ಸೆಂಟ್. ಕೋಣೆ ಐದು ಡಿಗ್ರಿ ಬಿಸಿಯಾದರೆ ಅರ್ಧ ಅರೆಸ್ವರಕ್ಕಿಂತ ಜಾಸ್ತಿ ಹೋಯಿತು. ರಾಯಚೂರಿನ ಬೇಸಿಗೆಯಲ್ಲಿ ಅಂಥ ಯಂತ್ರ ಇಟ್ಟುಕೊಂಡು ಕಛೇರಿ ಮಾಡುವುದನ್ನು ಊಹಿಸಿಕೊಳ್ಳಿ. ಅದಕ್ಕೇ ಬಿಸಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್ ಹಾಕಿ ಸರಿದೂಗಿಸುತ್ತಿದ್ದರು. ಪೂರ್ತಿ ಸರಿ ಮಾತ್ರ ಆಗುತ್ತಿರಲಿಲ್ಲ. ಮಿನಿಮೋಗ್‌ನ ಮೊದಲ ವರ್ಷಗಳ ಆಸಿಲೇಟರ್ ಬೋರ್ಡ್‌ಗಳು ಜಾಸ್ತಿ ಅಲೆದಾಡುತ್ತಿದ್ದವು, ಮುಂದೆ ಬೋರ್ಡನ್ನೇ ಬದಲಾಯಿಸಿದರು. ಶ್ರುತಿ ಸೇರಿಸಿಕೊಳ್ಳಲಿ ಅಂತ ಯಂತ್ರದಲ್ಲೇ ಎ-440ರ ಸ್ವರ ಕೊಡುವ ಒಂದು ಸ್ವಿಚ್ ಇದೆ. ಸ್ವಿಚ್ ಹಾಕಿ, ಬಿಸಿಯಾಗಲು ಬಿಟ್ಟು, ಆಮೇಲೆ ಶ್ರುತಿ ಮಾಡಿಕೊಂಡು ನುಡಿಸುವುದು ರೂಢಿ.

ಈ ಅಲೆದಾಟವೇ ದನಿಗೆ ಉಸಿರು. ಎರಡು ಆಸಿಲೇಟರ್ ಒಂದೇ ಸ್ವರಕ್ಕೆ ಕೂತರೂ ಕೂದಲೆಳೆಯಷ್ಟು ಅಂತರ ಇದ್ದೇ ಇರುತ್ತದೆ. ಅರ್ಧ ಹರ್ಟ್ಝ್ ಅಂತರ ಇದ್ದರೆ ಎರಡು ಸೆಕೆಂಡಿಗೊಮ್ಮೆ ದನಿ ಉಬ್ಬಿ ಇಳಿಯುತ್ತದೆ. ತಂಬೂರಿಯ ನಡುವಿನ ಎರಡು ತಂತಿ ಸೇರಿಸುವಾಗ, ಇನ್ನೇನು ಕೂಡಿತು ಅನ್ನುವ ಮುಂಚೆ ಕೇಳುತ್ತದಲ್ಲ, ಅದೇ ತೇಲಾಟ. ನಮ್ಮಲ್ಲಿ ಈ ವಾದ ಹೊಸದೂ ಅಲ್ಲ. ಬೆಂಗಳೂರಿನ ರಾಡೆಲ್‌ನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದಾಗಿನಿಂದ ‘ಇದರಲ್ಲಿ ಜೀವಾಳ ಇದೆಯೇ’ ಅಂತ ಸಂಗೀತದವರು ಕೇಳುತ್ತಲೇ ಬಂದಿದ್ದಾರೆ. ನಿಮ್ಮ ಪ್ರಶ್ನೆ ಅದರದೇ ತಮ್ಮ.

ಇದಕ್ಕೂ ಒಂದು ಪರೀಕ್ಷೆ ಇದೆ. ಎರಡು ಆಸಿಲೇಟರ್ ಹಾಕಿಕೊಂಡು ಒಂದೇ ಸ್ವರವನ್ನು ಎಂಟು ಸಲ ಚಿಕ್ಕದಾಗಿ ಬಡಿಯಿರಿ. ನಿಜವಾದ ಯಂತ್ರದಲ್ಲಿ ಆಸಿಲೇಟರ್‌ಗಳು ನೀವು ಕೀಲಿ ಒತ್ತಲಿ ಬಿಡಲಿ, ಒಳಗೆ ತಿರುಗುತ್ತಲೇ ಇರುತ್ತವೆ. ನೀವು ಒತ್ತಿದಾಗ ಅವು ಎಲ್ಲಿದ್ದವೋ ಅಲ್ಲಿಂದ ಕೇಳುತ್ತದೆ. ಹಾಗಾಗಿ ಎಂಟು ಏಟಿನ ಆರಂಭವೂ ಎಂಟು ಥರ. ಒಂದು ಗಟ್ಟಿ, ಒಂದು ಮೆತ್ತಗೆ, ಒಂದು ತುಸು ಟೊಳ್ಳು. ಕಳಪೆ ಪ್ಲಗಿನ್‌ನಲ್ಲಿ ಪ್ರತಿ ಏಟಿಗೂ ಎರಡೂ ಆಸಿಲೇಟರ್ ಸೊನ್ನೆಯಿಂದ ಶುರುವಾಗುತ್ತವೆ. ಎಂಟೂ ಅಚ್ಚು ಹೊಡೆದ ಹಾಗಿರುತ್ತವೆ. ನಿಮ್ಮ ಈಗಿನ ಕೀಬೋರ್ಡ್‌ನಲ್ಲಿ ಆ ಲೀಡ್ ಸಿಗದೇ ಇರುವುದಕ್ಕೂ ಬಹುಶಃ ಇದೇ ಕಾರಣ. ಅದು ಯಾವಾಗಲೋ ರೆಕಾರ್ಡ್ ಮಾಡಿಟ್ಟ ಒಂದು ಏಟನ್ನೇ ಮತ್ತೆ ಮತ್ತೆ ಕೇಳಿಸುತ್ತದೆ.

ಒಂದಕ್ಕಿಂತ ಹೆಚ್ಚು ಸ್ವರ ನುಡಿಸುವ ಸಿಂಥ್‌ಗಳಲ್ಲಿ ಇದು ಇನ್ನೂ ಮುಖ್ಯ. 1978ರ ಪ್ರಾಫೆಟ್-5ರ ಒಳಗೆ ಐದು ಸಿಂಥ್ ಇದ್ದ ಹಾಗೆ. ಐದೂ ಒಂದೇ ನಮೂನೆ, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಅದನ್ನು ಮಾಡಿದ ಡೇವ್ ಸ್ಮಿತ್ ಅವರ ಕಂಪನಿ 2020ರಲ್ಲಿ ಅದನ್ನು ಮತ್ತೆ ತಂದಾಗ ‘ವಿಂಟೇಜ್’ ಅಂತ ಒಂದು ನಾಬ್ ಇಟ್ಟಿತು. ತಿರುಗಿಸಿದಷ್ಟೂ ಐದು ದನಿಗಳ ನಡುವೆ ವ್ಯತ್ಯಾಸ ಹೆಚ್ಚುತ್ತದೆ. ದೋಷಕ್ಕೇ ಒಂದು ನಾಬ್ ಇಟ್ಟಿದ್ದಾರೆ ಅಂದರೆ ಅದಕ್ಕೆ ಎಷ್ಟು ಬೆಲೆ ಇದೆ ನೋಡಿ.

ಇನ್ನೂ ಒಂದು ವಿಷಯ. ಇದನ್ನು ಹೇಳುವವರು ಕಡಿಮೆ, ಆದರೆ ನುಡಿಸುವವರಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಮಿನಿಮೋಗ್ ಎರಡು ಕೀಲಿ ಒಟ್ಟಿಗೆ ಒತ್ತಿದರೆ ಕೆಳಗಿನ ಸ್ವರವನ್ನೇ ನುಡಿಸುತ್ತದೆ. ಸ ಒತ್ತಿ ಹಿಡಿದು ಪ ಒತ್ತಿ ನೋಡಿ, ಏನೂ ಆಗುವುದಿಲ್ಲ. ಪ ಹಿಡಿದು ಸ ಒತ್ತಿದರೆ ಸ್ವರ ಕೆಳಗೆ ಬರುತ್ತದೆ, ಸ ಬಿಟ್ಟರೆ ಮತ್ತೆ ಪ. ಬೆರಳು ಎತ್ತದೆ ಸ್ವರ ಬದಲಿಸಿದರೆ ಅದರ ಎನ್ವಲಪ್ (ದನಿ ಏರಿ ಇಳಿಯುವ ಕ್ರಮ) ಹೊಸದಾಗಿ ಶುರುವಾಗುವುದಿಲ್ಲ, ಹಳೆಯ ಉಸಿರಿನಲ್ಲೇ ಮುಂದುವರಿಯುತ್ತದೆ. ಬಹಳಷ್ಟು ಪ್ಲಗಿನ್‌ಗಳು ಇದನ್ನು ಬಿಟ್ಟು ‘ಕೊನೆಗೆ ಒತ್ತಿದ ಸ್ವರ’ ಅನ್ನುವ ಪದ್ಧತಿಗೆ ಹಾಕಿಟ್ಟಿರುತ್ತವೆ. ಸೆಟ್ಟಿಂಗ್‌ನಲ್ಲಿ ‘ನೋಟ್ ಪ್ರಯಾರಿಟಿ’ ಹುಡುಕಿ ‘ಲೋ’ ಮಾಡಿ, ‘ಲೆಗಾಟೋ’ ಅಥವಾ ‘ಸಿಂಗಲ್ ಟ್ರಿಗರ್’ ಹಾಕಿ. ಕೆಳಗಿನ ಸ್ವರವನ್ನು ಹೆಬ್ಬೆರಳಿನಲ್ಲಿ ಬಡಿಯುತ್ತಾ ಮೇಲಿನದನ್ನು ಹಿಡಿದುಕೊಂಡರೆ ಬರುವ ಆ ಚುರುಕು ನುಡಿಸಾಣಿಕೆ ಇದರಿಂದಲೇ ಸಾಧ್ಯ. ಈ ಸೆಟ್ಟಿಂಗ್ ಬದಲಿಸಿದ ಮೇಲೆ ‘ಅರೆ, ಈಗ ಬಂತು’ ಅಂದವರನ್ನು ನಾನು ನೋಡಿದ್ದೇನೆ. ದನಿ ಅದೇ ಇತ್ತು, ಬೆರಳು ಬದಲಾಯಿತು.

ಇನ್ನು ಯಾವುದನ್ನು ತಗೊಳ್ಳುವುದು? ಅದಕ್ಕೆ ಮೊದಲು, ಈ ದಾರಿ ಹೇಗೆ ಬೆಳೆಯಿತು ಅಂತ ಎರಡು ಮಾತು. 1997ರಲ್ಲಿ ಸ್ವೀಡನ್ನಿನ ಪ್ರೊಪೆಲರ್‌ಹೆಡ್ ‘ರೀಬರ್ತ್’ ತಂದಾಗ ರೋಲ್ಯಾಂಡಿನ ಟಿಬಿ-303 (ಬೇಸ್ ಸಿಂಥ್), ಟಿಆರ್-808 (ಡ್ರಮ್ ಯಂತ್ರ) ಕಂಪ್ಯೂಟರ್ ಪರದೆ ಮೇಲೆ ಬಂದವು. 1999ರಲ್ಲಿ ಸ್ಟೈನ್‌ಬರ್ಗ್ ಕಂಪನಿಯ ವಿಎಸ್‌ಟಿ ಅನ್ನುವ ಪ್ಲಗಿನ್ ಪದ್ಧತಿಯಲ್ಲಿ ವಾದ್ಯಗಳೂ ಪ್ಲಗಿನ್ ಆಗಬಹುದು ಅಂತ ಆಯಿತು. 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಆರ್ಟೂರಿಯಾ ಮೋಗ್ ಮಾಡ್ಯುಲರನ್ನು (ಆ ಬೀರು ಗಾತ್ರದ ಸಿಂಥನ್ನು) ಸಾಫ್ಟ್‌ವೇರ್ ಮಾಡಿತು. ಅದಕ್ಕೆ ಸ್ವತಃ ರಾಬರ್ಟ್ ಮೋಗ್ ಅವರ ಒಪ್ಪಿಗೆ ಇತ್ತು.

ನಿಮಗೆ ನನ್ನ ಸಲಹೆ, ಮೊದಲು ಆರು ತಿಂಗಳು ಪುಕ್ಕಟೆಯಲ್ಲೇ ಇರಿ. ‘ಸರ್ಜ್ ಎಕ್ಸ್‌ಟಿ’ ಉಚಿತ, ಯಾರು ಬೇಕಾದರೂ ಅದರ ಕೋಡ್ ನೋಡಬಹುದು. ಅದು ಯಾವ ಒಂದು ಹಳೆಯ ಸಿಂಥ್‌ನ ನಕಲೂ ಅಲ್ಲ, ಆದರೆ ಅದರಲ್ಲಿ ಏಣಿ ಮಾದರಿಯ ಫಿಲ್ಟರ್ ಇದೆ. ಸ್ವರಸ್ಥಾನಗಳನ್ನು ನಮಗೆ ಬೇಕಾದ ಶ್ರುತಿಗೆ ಹೊಂದಿಸಿಕೊಳ್ಳಲೂ ಬರುತ್ತದೆ. ಓಬರ್‌ಹೈಮ್ ಓಬಿ-ಎಕ್ಸ್ ಅನ್ನುವ ಹಳೆಯ ಸಿಂಥ್‌ನ ಜಾಡು ಹಿಡಿದ ‘ಓಬಿ-ಎಕ್ಸ್‌ಡಿ’ ಉಚಿತ, ಲ್ಯಾಪ್‌ಟಾಪ್‌ಗೆ ಭಾರವೂ ಅಲ್ಲ. ಪ್ಯಾಡ್, ಬ್ರಾಸ್ ಥರದ ದನಿಗಳಿಗೆ ಅದು ತುಂಬಾ ಚೆನ್ನ. ‘ವಿಸಿವಿ ರ‍್ಯಾಕ್’ ಉಚಿತ, ವೈರ್ ಚುಚ್ಚಿ ಜೋಡಿಸುವ ಬೀರು ಸಿಂಥನ್ನೇ ಪರದೆ ಮೇಲೆ ಕೊಡುತ್ತದೆ. ಸಿಂಥ್ ಹೇಗೆ ಕೆಲಸ ಮಾಡುತ್ತೆ ಅಂತ ಕಲಿಯಲು ಅದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಸ್ಟೇಜಿಗೆ ಮಾತ್ರ ಬೇಡ.

ದುಡ್ಡು ಕೊಡುವ ಹಂತಕ್ಕೆ ಬಂದಾಗ ಮಿನಿಮೋಗ್‌ಗೆ ಆರ್ಟೂರಿಯಾದ ‘ಮಿನಿ ವಿ’, ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ‘ಮೊನಾರ್ಕ್’, ಸಾಫ್ಟ್‌ಟ್ಯೂಬ್‌ನ ‘ಮಾಡೆಲ್ 72’, ಯು-ಹೀಯ ‘ಡೀವಾ’ ಇವೆ. ನನ್ನನ್ನು ಒಂದೇ ಹೇಳಿ ಅಂದರೆ, ನಿಮ್ಮ ಲ್ಯಾಪ್‌ಟಾಪ್‌ಗೆ ಮೊನಾರ್ಕ್ ಅನ್ನುತ್ತೇನೆ. ಒಂದು ಸಲಕ್ಕೆ ಒಂದೇ ಸ್ವರ ನುಡಿಸುವುದರಿಂದ ಹೊರೆ ಕಡಿಮೆ. ಫಿಲ್ಟರ್ ತೆರೆಯುವಾಗಿನ ಆ ಕೆನೆಯಂಥ ಗುಣ ಅದರಲ್ಲಿ ನನಗೆ ಬಹಳ ಹಿಡಿಸಿದೆ. ಇನ್ನೂ ಬೇರೆ ಹಳೆಯ ಸಿಂಥ್‌ಗಳು ಬೇಕು ಅನ್ನಿಸಿದರೆ ಡೀವಾ. ಎಲ್ಲದಕ್ಕೂ ಟ್ರಯಲ್ ಅಥವಾ ಡೆಮೊ ಇದೆಯಾ ನೋಡಿ, ಮೇಲೆ ಹೇಳಿದ ಪರೀಕ್ಷೆಗಳನ್ನು ನಿಮ್ಮ ಕಿವಿಯಲ್ಲೇ ಮಾಡಿ. ನವೆಂಬರ್ ಕೊನೆಯಲ್ಲಿ ಬೆಲೆ ಇಳಿಸುವ ಕಂಪನಿಗಳು ಬಹಳ, ಅಲ್ಲಿವರೆಗೆ ಕಾದರೆ ನಷ್ಟವಿಲ್ಲ. ಕ್ರ್ಯಾಕ್ ಮಾಡಿದ್ದು ಮಾತ್ರ ಹಾಕಬೇಡಿ. ಈ ಪ್ಲಗಿನ್‌ಗಳಲ್ಲಿ ಹಲವನ್ನು ಮಾಡುವವರು ಕೈಬೆರಳೆಣಿಕೆಯ ಜನ, ಅವರ ದುಡಿಮೆ ಅದು. ಜೊತೆಗೆ ನಿಮ್ಮ ಅನ್ನ ಹುಟ್ಟುವ ಲ್ಯಾಪ್‌ಟಾಪ್‌ಗೆ ವೈರಸ್ ಬಿಟ್ಟುಕೊಂಡ ಹಾಗಾಗುತ್ತದೆ.

ಲೈಸೆನ್ಸ್ ಬಗ್ಗೆ ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಜಾತ್ರೆಯ ಕಾರ್ಯಕ್ರಮ. ಊರಲ್ಲಿ ನೆಟ್‌ವರ್ಕ್ ಸರಿಯಿಲ್ಲ. ದುಡ್ಡು ಕೊಟ್ಟು ತಗೊಂಡಿದ್ದ ಪ್ಲಗಿನ್ ತೆರೆದರೆ ‘ಇಂಟರ್ನೆಟ್‌ಗೆ ಸಂಪರ್ಕಿಸಿ, ಲೈಸೆನ್ಸ್ ಖಚಿತಪಡಿಸಿ’ ಅಂತ ಬಂತು. ಮುಂದೆ ಜನ ಕೂತಿದ್ದಾರೆ, ಹಾಡುವವರು ಮೈಕ್ ಹಿಡಿದಿದ್ದಾರೆ. ಅವತ್ತು ಪೂರ್ತಿ ಕೀಬೋರ್ಡಿನ ಪಿಯಾನೋ ದನಿಯಲ್ಲೇ ನುಡಿಸಿದೆ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಹೊರಡುವ ಹಿಂದಿನ ದಿನ ವೈಫೈ ಆಫ್ ಮಾಡಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಎಲ್ಲ ಪ್ಲಗಿನ್ ತೆರೆದು ನೋಡುತ್ತೇನೆ. ನೀವೂ ಹಾಗೇ ಮಾಡಿ.

8 ಜಿಬಿ ಸಾಕು. ಈ ಸಿಂಥ್‌ಗಳು ದೊಡ್ಡ ದೊಡ್ಡ ರೆಕಾರ್ಡಿಂಗ್ ಫೈಲ್ ತುಂಬಿಕೊಳ್ಳುವುದಿಲ್ಲ, ಅಲ್ಲಲ್ಲೇ ಲೆಕ್ಕ ಮಾಡುತ್ತವೆ. ಬೇಕಾದದ್ದು ಪ್ರೊಸೆಸರ್ ಶಕ್ತಿ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ನಿಂದ ನೇರ ಸ್ಟೇಜಿನ ಮಿಕ್ಸರಿಗೆ ಕೊಡಬೇಡಿ. ಒಂದು ಚಿಕ್ಕ ಆಡಿಯೋ ಇಂಟರ್‌ಫೇಸ್ (ಲ್ಯಾಪ್‌ಟಾಪ್‌ನ ಶಬ್ದವನ್ನು ಹೊರಗೆ ಕೊಡುವ ಪೆಟ್ಟಿಗೆ) ತಗೊಳ್ಳಿ, ಪ್ಲಗಿನ್‌ಗಿಂತ ಮೊದಲು ಅದಕ್ಕೇ ದುಡ್ಡು ಹಾಕಿ. ವಿಂಡೋಸ್ ಆದರೆ ಅದರ ಏಸಿಯೋ ಡ್ರೈವರ್ (ತಡ ಕಡಿಮೆ ಮಾಡುವ ಸಾಫ್ಟ್‌ವೇರ್) ಹಾಕಿಕೊಂಡು ಬಫರ್ (ಒಂದು ಸಲಕ್ಕೆ ಲೆಕ್ಕ ಹಾಕುವ ತುಣುಕುಗಳ ಸಂಖ್ಯೆ) 128ಕ್ಕೆ ಇಡಿ. ಅಲ್ಲಿ ತಡ ಸುಮಾರು 3 ಮಿಲಿಸೆಕೆಂಡ್. 256ಕ್ಕೆ ಸುಮಾರು 6. 512ಕ್ಕೆ 12 ಹತ್ತಿರ, ವೇಗದ ತಾನಗಳಲ್ಲಿ ಬೆರಳಿಗೆ ಅದು ಗೊತ್ತಾಗುತ್ತದೆ. ಪಟಪಟ ಸದ್ದು ಬಂದರೆ ಮಾತ್ರ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ.

ಕೊನೆಗೆ ಗಮಕ. ಖಂಡಿತ ಆಗುತ್ತದೆ. 1982ರಲ್ಲೇ ಮುಂಬೈಯ ಚರಣ್‌ಜಿತ್ ಸಿಂಗ್ ಜುಪಿಟರ್-8 ಸಿಂಥ್, ಟಿಬಿ-303, ಟಿಆರ್-808 ಇಟ್ಟುಕೊಂಡು ರಾಗಗಳನ್ನು ನುಡಿಸಿ ರೆಕಾರ್ಡ್ ಮಾಡಿದ್ದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ 303ರ ಸ್ಲೈಡ್ ರಾಗಕ್ಕೆ ಎಷ್ಟು ಹೊಂದುತ್ತದೆ ಅಂತ ಕೇಳಿದರೆ ತಿಳಿಯುತ್ತದೆ. ಹಳೆಯ ಮಿನಿಮೋಗ್‌ನ ಪಿಚ್ ಚಕ್ರಕ್ಕೆ ಸ್ಪ್ರಿಂಗ್ ಇರಲಿಲ್ಲ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತಿತ್ತು, ನಡುವಿಗೆ ಬಂದಾಗ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತಿತ್ತು. ಜಾರಿಗೆ, ಆಂದೋಲನಕ್ಕೆ ಅದು ವರ. ನಿಮ್ಮ ಕೀಬೋರ್ಡ್‌ನ ಚಕ್ರ ಬಿಟ್ಟ ಕೂಡಲೇ ನಡುವಿಗೆ ಹಾರುತ್ತದೆ. ಅದಕ್ಕೆ ಬೆಂಡ್ ವ್ಯಾಪ್ತಿಯನ್ನು 2 ಅರೆಸ್ವರಕ್ಕೇ ಇಟ್ಟುಕೊಂಡು ಕಂಪಿತ, ಆಂದೋಲನಗಳನ್ನು ಚಕ್ರದಲ್ಲಿ ಮಾಡಿ. ದೊಡ್ಡ ಜಾರುಗಳನ್ನು ಗ್ಲೈಡ್‌ಗೆ (ಸ್ವರದಿಂದ ಸ್ವರಕ್ಕೆ ತಾನೇ ಜಾರಿಸುವ ನಾಬ್) ಬಿಟ್ಟುಬಿಡಿ. ಪಿಚ್ ಬೆಂಡ್‌ಗೆ ಮಿಡಿಯಲ್ಲಿ (ಕೀಬೋರ್ಡ್ ಕಂಪ್ಯೂಟರಿಗೆ ಸಂದೇಶ ಕಳಿಸುವ ಭಾಷೆ) 16,384 ಮೆಟ್ಟಿಲು ಇವೆ, ನುಣುಪಾಗಿ ಬರುತ್ತದೆ. ಮಾಮೂಲಿ ನಾಬ್‌ಗಳಿಗೆ ಇರುವುದು 128 ಮಾತ್ರ. ಎಂಫಸಿಸ್ ಏರಿಸಿ ಕಟ್‌ಆಫನ್ನು ನಾಬಿನಲ್ಲಿ ನಿಧಾನ ತಿರುಗಿಸಿ ನೋಡಿ. ಮೆಟ್ಟಿಲು ಮೆಟ್ಟಿಲಾಗಿ ‘ಟ್ರ್‌ರ್’ ಅಂತ ಕೇಳಿದರೆ ಆ ಪ್ಲಗಿನ್ ಅದನ್ನು ನಯ ಮಾಡುತ್ತಿಲ್ಲ ಅಂತ ಅರ್ಥ.

ನೀವು ಹುಡುಕುತ್ತಿರುವ ಲೀಡ್ ಈಗ ಕಟ್ಟೋಣ. ಯಾವ ಮಿನಿಮೋಗ್ ಪ್ಲಗಿನ್ ಆದರೂ ಸರಿ. ಆಸಿಲೇಟರ್ 1 ಗರಗಸ, ರೇಂಜ್ 8. ಆಸಿಲೇಟರ್ 2 ಗರಗಸ, ರೇಂಜ್ 8. ಮಧ್ಯ ಸ್ಥಾಯಿಯ ಸ ಹಿಡಿದು ಎರಡನೆಯದರ ಶ್ರುತಿ ಕೂದಲೆಳೆಯಷ್ಟು ಸರಿಸಿ, ಸೆಕೆಂಡಿಗೆ ಒಂದು ಸಲ ತೇಲುವ ಹಾಗೆ. ಆಸಿಲೇಟರ್ 3 ಚೌಕದ ಅಲೆ, ರೇಂಜ್ 16 (ಒಂದು ಸ್ಥಾಯಿ ಕೆಳಗೆ). ಮಿಕ್ಸರ್‌ನಲ್ಲಿ ಮೊದಲ ಎರಡು 8ಕ್ಕೆ, ಮೂರನೆಯದು 4ಕ್ಕೆ. ಕಟ್‌ಆಫ್ ನಡುವಿಗಿಂತ ಕೆಳಗೆ, ಎಂಫಸಿಸ್ 3, ಫಿಲ್ಟರಿಗೆ ಹೋಗುವ ಕಾಂಟೂರ್ (ಎನ್ವಲಪ್‌ಗೆ ಮಿನಿಮೋಗ್‌ನಲ್ಲಿರುವ ಹೆಸರು) 4. ಫಿಲ್ಟರಿನ ಡಿಕೇ (ಇಳಿಯುವ ಸಮಯ) ಅರ್ಧ ಸೆಕೆಂಡ್ ಆಸುಪಾಸು, ಸಸ್ಟೇನ್ (ಕೀಲಿ ಹಿಡಿದಿರುವಷ್ಟು ಹೊತ್ತು ನಿಲ್ಲುವ ಮಟ್ಟ) 6. ಲೌಡ್‌ನೆಸ್ ಸಸ್ಟೇನ್ 10. ಮಿನಿಮೋಗ್‌ನಲ್ಲಿ ಬೇರೆ ರಿಲೀಸ್ ನಾಬ್ ಇಲ್ಲ. ಡಿಕೇ ಅನ್ನುವ ಸ್ವಿಚ್ ಹಾಕಿದರೆ ಡಿಕೇಯ ಅಳತೆಯಲ್ಲೇ ದನಿ ಇಳಿಯುತ್ತದೆ, ತೆಗೆದರೆ ಬೆರಳೆತ್ತಿದ ಕೂಡಲೇ ನಿಲ್ಲುತ್ತದೆ. ನಿಧಾನದ ಹಾಡಿಗೆ ಹಾಕಿ, ವೇಗದ್ದಕ್ಕೆ ತೆಗೆಯಿರಿ. ಗ್ಲೈಡ್ ಸ್ವಲ್ಪವೇ ಇರಲಿ, 2ರ ಹತ್ತಿರ. ರಿವರ್ಬ್, ಡಿಲೇ ಎಲ್ಲ ಆಫ್ ಮಾಡಿ ಒಂದು ಗಂಟೆ ಇದನ್ನೇ ನುಡಿಸಿ, ಬೆರಳು ಎತ್ತದೆ ಸ್ವರದಿಂದ ಸ್ವರಕ್ಕೆ ಹೋಗುತ್ತಾ. ಇನ್ನೂ ದಪ್ಪ ಬೇಕು ಅನ್ನಿಸಿದರೆ ವಾಲ್ಯೂಮ್ ಮುಟ್ಟಬೇಡಿ, ಮಿಕ್ಸರ್‌ನ ಆ 8ನ್ನು 10 ಮಾಡಿ.